ಮೆಷಿನ್ ಇದೆ, ಸ್ಟ್ರಿಪ್ ಎಲ್ಲಿ?

ಹಳ್ಳಿಯಲ್ಲಿರುವ ಅಪ್ಪ-ಅಮ್ಮನಿಗೆ ಮಕ್ಕಳು ಶುಗರ್ ನೋಡುವ ಗ್ಲೂಕೋಮೀಟರ್ ತಂದುಕೊಡುತ್ತಾರೆ. ಒಳ್ಳೆಯದೇ. ಆದರೆ ಜೊತೆಗೆ ಬಂದ, ರಕ್ತದ ಹನಿ ತಾಗಿಸುವ ಸ್ಟ್ರಿಪ್‌ಗಳು ಮುಗಿದ ದಿನ ಮೀಟರ್ ಕಪಾಟು ಸೇರುತ್ತದೆ. “ಶುಗರ್ ಚೆಕ್ ಮಾಡ್ಕೊಳ್ತಿದ್ದೀರಾ?” ಅಂದರೆ “ಮೆಷಿನ್ ಇದೆ ಡಾಕ್ಟ್ರೇ” ಅನ್ನುತ್ತಾರೆ. ಮೆಷಿನ್ ಇರುವುದು ನನಗೂ ಗೊತ್ತು!

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದು: ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದು ಕಂಪನಿಯ ಮೀಟರ್‌ಗೆ ಆಗುವುದಿಲ್ಲ. ಅದೇ ಕಂಪನಿಯ ಬೇರೆ ಮಾಡೆಲ್‌ಗೂ ಎಷ್ಟೋ ಸಲ ಆಗುವುದಿಲ್ಲ. ಹಾಗಾಗಿ ಅವರಿಗೆ ಹತ್ತಿರದ ಔಷಧಿ ಅಂಗಡಿಯಲ್ಲಿ ವರ್ಷವಿಡೀ ಯಾವ ಸ್ಟ್ರಿಪ್ ಸಿಗುತ್ತದೆ ಅಂತ ಮೊದಲು ಕೇಳಿ. ಮೀಟರ್ ಆಮೇಲೆ. ಮೊಬೈಲಿಗೆ ಜೋಡಿಸುವಂಥದ್ದೇ ಬೇಕು ಅಂತ ಹಟ ಬೇಡ. ಅಂಕಿ ದೊಡ್ಡದಾಗಿ ಕಂಡರೆ, ನಡುಗುವ ಕೈಗೆ ಸ್ಟ್ರಿಪ್ ಹಿಡಿಯಲು ಬಂದರೆ ಸಾಕು.

ಇನ್ನು, ದೂರದಿಂದ ತರಿಸಿದ್ದಕ್ಕೆ ಜೋಪಾನ ಜಾಸ್ತಿ. ಒಬ್ಬ ಅಜ್ಜಿ ಸ್ಟ್ರಿಪ್‌ಗಳನ್ನೆಲ್ಲ ಪ್ಲಾಸ್ಟಿಕ್ ಕವರ್‌ಗೆ ಸುರಿದು, ಗಂಟು ಹಾಕಿ ಇಟ್ಟಿದ್ದರು. ಖಾಲಿ ಡಬ್ಬಿಯಲ್ಲಿ ಸೂಜಿ-ದಾರ. ಆ ಅಚ್ಚುಕಟ್ಟು ನೋಡಿ ಬೈಯಲು ಬಾಯಿ ಬರಲಿಲ್ಲ. ಆದರೆ ಆ ಡಬ್ಬಿ ಸುಮ್ನೆ ಕೊಟ್ಟದ್ದಲ್ಲ. ತೇವ ಹೀರುವ ವಸ್ತು ಅದರಲ್ಲೇ ಇರುತ್ತದೆ. ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿಣ್ವ (ಎಂಜೈಮ್) ಸವರಿರುತ್ತಾರೆ. ರಕ್ತದ ಸಕ್ಕರೆ ಅದಕ್ಕೆ ಸೇರಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ತೇವವೋ ಬಿಸಿಯೋ ತಗುಲಿದರೆ ಕಿಣ್ವ ಕೆಡುತ್ತದೆ. ಎರರ್ ಬಂದರೆ ಪುಣ್ಯ. ತಪ್ಪು ಅಂಕಿ ಬಂದು, ಅದನ್ನೇ ನಂಬಿ ಇನ್ಸುಲಿನ್ ಹಾಕಿಕೊಂಡರೆ?

ಡಬ್ಬಿ ತೆರೆದ ತಾರೀಖನ್ನು ಅದರ ಮೇಲೇ ಬರೆದಿಡಿ. ಕೆಲವು ಸ್ಟ್ರಿಪ್‌ಗಳು ತೆರೆದ ಮೇಲೆ 3 ತಿಂಗಳು ಬರುತ್ತವೆ, ಕೆಲವು 6 ತಿಂಗಳು. ಲೇಬಲ್ ಓದಿ. ಅಪರೂಪಕ್ಕೆ ಚೆಕ್ ಮಾಡುವವರಿಗೆ 50ರ ಡಬ್ಬಿಗಿಂತ 25ರದ್ದೇ ವಾಸಿ.

ಎಲ್ಲರೂ ದಿನಾ ಚುಚ್ಚಿಕೊಳ್ಳಬೇಕು ಅಂತಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರ ಲೆಕ್ಕ ಬೇರೆ, ಬರೀ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರ ಲೆಕ್ಕ ಬೇರೆ. ನಿಮ್ಮ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಆದರೆ ಬೆವರು, ನಡುಕ, ತಲೆಸುತ್ತು ಬಂದಾಗ (ಶುಗರ್ ತೀರಾ ಇಳಿದಿರಬಹುದು) ಮಾತ್ರ ಸ್ಟ್ರಿಪ್ ಉಳಿಸಲು ನೋಡಬೇಡಿ. ಮೀಟರ್‌ನಲ್ಲಿ ಅಂಕಿ 70ಕ್ಕಿಂತ (mg/dL) ಕೆಳಗಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಸ್ಟ್ರಿಪ್ ಇಲ್ಲವಾ? ಪಕ್ಕದ ಮನೆಗೆ ಕೇಳಲು ಹೋಗಬೇಡಿ, ಮೊದಲು ಸಕ್ಕರೆ ನೀರು ಕುಡಿದುಬಿಡಿ.