ಹಂದಿಗೂಡಿನ ಕೆಮ್ಮು: ಮಳೆಯಿಂದಲೋ, ಗಾಳಿಯಿಂದಲೋ?

ಕನ್ನಡದಲ್ಲಿ ‘ಹಂದಿ ಜ್ವರ’ ಎಂಬ ಒಂದೇ ಹೆಸರು ಮೂರು ಬೇರೆ ಬೇರೆ ರೋಗಗಳಿಗೆ ಸಲ್ಲುತ್ತದೆ: 2009ರಲ್ಲಿ ಮನುಷ್ಯರಲ್ಲಿ ಹಬ್ಬಿದ ಎಚ್‌1ಎನ್‌1, ಲಸಿಕೆಯಿರುವ ಹಳೆಯ ಹಂದಿ ಜ್ವರ, ಮತ್ತು 2023ರ ಆರಂಭದಲ್ಲಿ ಕಾಸರಗೋಡಿನ ಎಣ್ಮಕಜೆಯಲ್ಲಿ ದೃಢಪಟ್ಟ ಆಫ್ರಿಕನ್ ಹಂದಿ ಜ್ವರ. ಹಂದಿಗಳ ಶ್ವಾಸಕೋಶವನ್ನೇ ಹಿಡಿಯುವ ಸೋಂಕುಗಳಿಗೆ ಮಾತ್ರ ಊರ ಮಾತಿನಲ್ಲಿ ಹೆಸರಿಲ್ಲ. ಅವೆಲ್ಲ ಮಳೆಗಾಲದ ಶೀತದ ಲೆಕ್ಕಕ್ಕೆ ಸೇರಿಬಿಡುತ್ತವೆ.

ತಿಳಿದವರೂ ಇದರಲ್ಲಿ ತಡವರಿಸಿದ್ದಾರೆ. 1918ರಲ್ಲಿ ಅಮೆರಿಕದ ಅಯೋವಾದ ಹಂದಿಗಳು ಸಾಲುಸಾಲಾಗಿ ಕೆಮ್ಮಿ ಮಲಗಿದಾಗ, ಇದು ಜನರನ್ನು ಕಾಡುತ್ತಿರುವ ಫ್ಲೂ ಕಾಯಿಲೆಯೇ ಎಂದ ಪಶುವೈದ್ಯ ಜೆ.ಎಸ್. ಕೋಯನ್ ಅವರ ಮಾತನ್ನು, ಮಾಂಸದ ಮಾರಾಟ ಕುಸಿದೀತೆಂಬ ಭಯದಿಂದ, ಹಲವರು ವಿರೋಧಿಸಿದರು. ರಿಚರ್ಡ್ ಶೋಪ್ ಅವರು ಹಂದಿಯ ಫ್ಲೂ ವೈರಸ್ಸನ್ನು ತೋರಿಸಿಕೊಟ್ಟದ್ದು 1931ರಲ್ಲಿ. ತಿಂಗಳುಗಟ್ಟಲೆ ಬಿಡದ ಒಣಕೆಮ್ಮಿಗೂ ವೈರಸ್ಸೇ ಕಾರಣವೆಂದು ನಂಬಲಾಗಿತ್ತು. ಅದು ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಕೆಲಸವೆಂದು ಗೊತ್ತಾದದ್ದು 1965ರಲ್ಲಿ. 1987ರ ಹೊತ್ತಿಗೆ ಅಮೆರಿಕದಲ್ಲಿ ಕಾಣಿಸಿಕೊಂಡು, ಗಬ್ಬದ ಹಂದಿಗಳ ಕಂದು ಹಾಕಿಸಿ ಮರಿಗಳ ಉಸಿರು ಕಟ್ಟಿಸಿದ ಪಿಆರ್‌ಆರ್‌ಎಸ್ ವೈರಸ್ ಭಾರತದಲ್ಲಿ, ಮಿಜೋರಾಮಿನಲ್ಲಿ, ದೃಢಪಟ್ಟದ್ದು 2013ರಲ್ಲಿ.

ಮೈಕೊಪ್ಲಾಸ್ಮಾ ತಾನಾಗಿ ಕೊಲ್ಲುವುದು ಅಪರೂಪ. ಶ್ವಾಸನಾಳದಲ್ಲಿ ಕಸವನ್ನು ಹೊರಗೆ ನೂಕುವ ಸೂಕ್ಷ್ಮ ರೋಮಗಳನ್ನು ಅದು ಹಾಳುಮಾಡುತ್ತದೆ, ಆ ದಾರಿಯಲ್ಲಿ ಬೇರೆ ರೋಗಾಣುಗಳು ಒಳಹೊಗುತ್ತವೆ. ಗಂಜಲದಿಂದೇಳುವ ಅಮೋನಿಯಾ ಮಾಡುವುದೂ ಇದೇ ಹಾನಿಯನ್ನು. ಜಡಿಮಳೆಯ ಇರಚಲು ತಡೆಯಲೆಂದು ಗೂಡಿನ ನಾಲ್ಕೂ ಬದಿಗೆ ನೆಲದಿಂದ ಮಾಡಿನವರೆಗೆ ಟರ್ಪಾಲು ಬಿಗಿದರೆ, ನೀರು ಹೊರಗುಳಿಯುತ್ತದೆ ನಿಜ, ಆದರೆ ಅಮೋನಿಯಾ ಒಳಗೇ ಉಳಿಯುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು 25 ಭಾಗ ದಾಟಬಾರದೆಂಬುದು ಸಾಮಾನ್ಯ ಮಿತಿ. ದಿನವೂ ಗೂಡಿಗೆ ಹೋಗುವವರ ಮೂಗು ಈ ವಾಸನೆಗೆ ಒಗ್ಗಿಹೋಗಿರುತ್ತದೆ. ಹೊರಗಿನವರೊಬ್ಬರು ಹಂದಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕುಳಿತು ಕಣ್ಣುರಿಯಿತೆಂದರೆ ಗಾಳಿ ಕೆಟ್ಟಿದೆಯೆಂದೇ ಲೆಕ್ಕ. ಮಾಡಿನ ಸೂರನ್ನು ಮುಂದಕ್ಕೆ ಚಾಚಿ, ಟರ್ಪಾಲನ್ನು ಕೆಳಭಾಗಕ್ಕಷ್ಟೇ ಕಟ್ಟಿ, ಮೇಲ್ಗಡೆ ತೆರೆದಿಡುವುದೇ ನನ್ನ ದೃಷ್ಟಿಯಲ್ಲಿ ಔಷಧಿಗಿಂತ ಅಗ್ಗದ ಉಪಾಯ.

ಆಫ್ರಿಕನ್ ಹಂದಿ ಜ್ವರ ಬಂದರೆ ಒಂದು ಕಿ.ಮೀ. ವ್ಯಾಪ್ತಿಯ ಹಂದಿಗಳನ್ನೆಲ್ಲ ಕೊಲ್ಲುವ ನಿಯಮವಿರುವುದರಿಂದ ಅದು ಸುದ್ದಿಯಾಗುತ್ತದೆ. ಕೆಮ್ಮಿನ ನಷ್ಟವೋ, ತಿಂದ ತಿಂಡಿಗೆ ತಕ್ಕ ತೂಕ ಬಾರದೆ ಸದ್ದಿಲ್ಲದೆ ಸಂಭವಿಸುವಂಥದ್ದು. ತಂದ ಮರಿಗಳನ್ನು ಒಂದು ತಿಂಗಳು ಬೇರೆಯಿರಿಸುವುದು, ಒಂದು ತಂಡ ಪೂರ್ತಿ ಖಾಲಿಯಾದ ಮೇಲೆ ಗೂಡು ತೊಳೆದು ಒಣಗಿಸಿ ಮುಂದಿನ ತಂಡ ತುಂಬುವುದು, ಇವು ಆಫ್ರಿಕನ್ ಹಂದಿ ಜ್ವರಕ್ಕೂ ಕೆಮ್ಮಿನ ರೋಗಕ್ಕೂ ಅಡ್ಡಿಯಾಗುತ್ತವೆ. ಫ್ಲೂ ಬಂದ ಕೆಲಸದವರನ್ನು ಗೂಡಿನಿಂದ ದೂರವಿಡುವುದು ಮಾತ್ರ ಕೆಮ್ಮಿನ ರೋಗಕ್ಕೇ ಮೀಸಲಾದ ಎಚ್ಚರ: 2009ರ ಎಚ್‌1ಎನ್‌1 ಹಲವು ದೇಶಗಳಲ್ಲಿ ಮನುಷ್ಯರಿಂದಲೇ ಹಂದಿಗಳಿಗೆ ದಾಟಿತ್ತು.