ಗಾಜಿನ ವೈರಸ್‌ಗೆ ಬಣ್ಣ ಏಕಿಲ್ಲ?

ಪ್ರಶ್ನೆ: ಕೊರೊನಾ ಸಮಯದಲ್ಲಿ ಪೇಪರ್, ಟಿವಿ ಎಲ್ಲೆಲ್ಲೂ ಆ ವೈರಸ್ ಕೆಂಪು ಮುಳ್ಳಿನ ಚೆಂಡಿನಂತೆ ಕಾಣುತ್ತಿತ್ತು. ಬ್ರಿಟನ್ನಿನ ಕಲಾವಿದರೊಬ್ಬರು ಗಾಜಿನಲ್ಲಿ ಮಾಡಿದ ಅದೇ ವೈರಸ್ಸಿನ ಫೋಟೊ ನೋಡಿದೆ. ನೀರಿನಷ್ಟು ತಿಳಿ, ಒಂದು ಚುಕ್ಕೆ ಬಣ್ಣವಿಲ್ಲ. ಯಾವುದು ಸರಿ?

ಉತ್ತರ: ಬಣ್ಣದ ಮಟ್ಟಿಗೆ ಗಾಜಿನದೇ ಸರಿ.

ನೀವು ನೋಡಿರುವುದು ಬ್ರಿಸ್ಟಲ್ ನಗರದ ಲ್ಯೂಕ್ ಜೆರಮ್ ಅವರ ಕೃತಿ ಇರಬೇಕು. 2004ರಿಂದ ಅವರು ‘ಗ್ಲಾಸ್ ಮೈಕ್ರೋಬಯಾಲಜಿ’ ಹೆಸರಿನಲ್ಲಿ ಸಿಡುಬು, ಎಚ್‌ಐವಿ, ಹಂದಿಜ್ವರದ ವೈರಸ್, ಇ. ಕೊಲೈ ಬ್ಯಾಕ್ಟೀರಿಯಾ ಹೀಗೆ ಒಂದೊಂದನ್ನೇ ಗಾಜಿಗೆ ಇಳಿಸುತ್ತ ಬಂದಿದ್ದಾರೆ. ಅವರಿಗೆ ವರ್ಣಾಂಧತೆ ಇದೆ. ವಿಜ್ಞಾನದ ಚಿತ್ರದಲ್ಲಿ ಯಾವ ಬಣ್ಣ ವಸ್ತುವಿನದು, ಯಾವುದು ಆಮೇಲೆ ಬಳಿದದ್ದು ಎಂದು ನೋಡುವವರಿಗೆ ತಿಳಿಯುವುದಾದರೂ ಹೇಗೆ? ಅವರ ಕೆಲಸ ಶುರುವಾದದ್ದು ಈ ಪ್ರಶ್ನೆಯಿಂದ. ಬಣ್ಣವನ್ನು ನಮ್ಮ ಹಾಗೆ ಕಾಣದವರಿಗೇ ಇದು ಮೊದಲು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬಳಿಯುವ ಕೆಲಸಕ್ಕೆ ಒಂದು ಹಿನ್ನೆಲೆ ಇದೆ. ರೋಗ ಹಿಡಿದ ತಂಬಾಕಿನ ಎಲೆಯ ರಸವನ್ನು ಬ್ಯಾಕ್ಟೀರಿಯಾ ಕೂಡ ದಾಟಲಾರದ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ರೋಗ ಅಂಟುತ್ತದೆ ಎಂದು ಡಚ್ ವಿಜ್ಞಾನಿ ಬೈಜೆರಿಂಕ್ 1898ರಲ್ಲಿ ತೋರಿಸಿ, ಆ ಅಂಟುವ ವಸ್ತುವನ್ನು ವೈರಸ್ ಎಂದು ಕರೆದರು. ಆದರೆ ಅದರ ರೂಪ ಕಣ್ಣಿಗೆ ಬೀಳಲು ಇನ್ನೂ ನಾಲ್ಕು ದಶಕ ಬೇಕಾಯಿತು. 1931ರಲ್ಲಿ ಜರ್ಮನಿಯ ಎರ್ನ್ಸ್ಟ್ ರುಸ್ಕ, ಮ್ಯಾಕ್ಸ್ ಕ್ನಾಲ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದರು. ಅದೇ ತಂಬಾಕಿನ ವೈರಸ್ಸಿನ ಚಿತ್ರ 1939ರಲ್ಲಿ ಸಿಕ್ಕಿತು. ಈ ಯಂತ್ರ ಬೆಳಕಿನಿಂದ ನೋಡುವುದಿಲ್ಲ, ಇಲೆಕ್ಟ್ರಾನುಗಳಿಂದ ನೋಡುತ್ತದೆ. ಬೆಳಕೇ ಇಲ್ಲದ ಮೇಲೆ ಬಣ್ಣ ಎಲ್ಲಿಂದ ಬರಬೇಕು? ಬರುವುದು ಕಪ್ಪು, ಬಿಳುಪು, ನಡುವಿನ ಬೂದು. ಉಳಿದದ್ದೆಲ್ಲ ಮನುಷ್ಯರು ಹಚ್ಚಿದ್ದು. ನಿಮಗೆ ನೆನಪಿರುವ ಕೆಂಪು ಮುಳ್ಳಿನ ಚೆಂಡನ್ನು 2020ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಚಿತ್ರಕಾರರಾದ ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ರಚಿಸಿದರು. ಮುಳ್ಳಿನ ಪ್ರೋಟೀನು ಎದ್ದು ಕಾಣಲಿ ಎಂದು ಅದಕ್ಕೆ ಕೆಂಪು ಕೊಟ್ಟರು. ಅದು ತಪ್ಪಲ್ಲ. ಭೂಪಟದಲ್ಲಿ ಒಂದೊಂದು ಜಿಲ್ಲೆಗೆ ಒಂದೊಂದು ಬಣ್ಣ ಹಚ್ಚುತ್ತಾರಲ್ಲ, ಹಾಗೆಯೇ ಇದು.

ಹಾಗಾದರೆ ಬಣ್ಣ ಇಲ್ಲವೋ, ಇದ್ದೂ ನಮಗೆ ಕಾಣುವುದಿಲ್ಲವೋ? ಸಾಮಾನ್ಯವಾಗಿ ಸಿಗುವ ಉತ್ತರ ಇದು: ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್, ಕೊರೊನಾ ವೈರಸ್ಸಿನ ಅಗಲ ಸುಮಾರು 100. ಕೆರೆಯ ಅಲೆ ಏರಿಗೆ ಬಡಿದರೆ ಹಿಂದಿರುಗುತ್ತದೆ. ನಡುವೆ ಒಂಟಿ ಜೊಂಡು ನಿಂತಿದ್ದರೆ ಅದರ ಪರಿವೆಯೇ ಇಲ್ಲದೆ ದಾಟಿ ಹೋಗುತ್ತದೆ. ಬೆಳಕಿಗೆ ವೈರಸ್ ಆ ಜೊಂಡು.

ಇದು ಸರಿಯಾದ ಮಾತೇ, ಆದರೆ ಅರ್ಧ. ಹಳೆಯ ಕಾಲದ ಮಾಣಿಕ್ಯಗೆಂಪು ಗಾಜನ್ನೇ ನೋಡಿ. ಅದರ ಕಡುಗೆಂಪಿಗೆ ಕಾರಣ ಗಾಜಿನೊಳಗೆ ಹರಡಿರುವ ಚಿನ್ನದ ಕಣಗಳು. ಅವು ಕೊರೊನಾಕ್ಕಿಂತಲೂ ಎಷ್ಟೋ ಚಿಕ್ಕವು, ಆದರೂ ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಬಿಟ್ಟುಕೊಡುತ್ತವೆ. ಎಂದರೆ ಚಿಕ್ಕದಾದ ಮಾತ್ರಕ್ಕೆ ಬಣ್ಣ ಹೋಗುವುದಿಲ್ಲ. ವೈರಸ್ಸಿನ ಮೈ ಪ್ರೋಟೀನು, ಆರ್‌ಎನ್‌ಎ ಅಥವಾ ಡಿಎನ್‌ಎ, ಕೆಲವಕ್ಕೆ ಮೇಲೊಂದು ಕೊಬ್ಬಿನ ಹೊದಿಕೆ. ಇವು ಹೀರುವುದು ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆ ಬೆಳಕನ್ನು. ಕಾಣುವ ಬೆಳಕಿನಲ್ಲಿ ಅವುಗಳಿಗೆ ಬಣ್ಣ ಕೊಡುವಂಥದ್ದು ಏನೂ ಇಲ್ಲ. ಒಂದು ಸೋಜಿಗವನ್ನೂ ಹೇಳಿಬಿಡುತ್ತೇನೆ: ಕೀಟಗಳಿಗೆ ತಗಲುವ ಇರಿಡೋವೈರಸ್‌ಗಳು ಅವುಗಳ ಮೈಯೊಳಗೆ ಒತ್ತೊತ್ತಾಗಿ, ಸಾಲುಸಾಲಾಗಿ ಜೋಡಿಸಿಕೊಂಡಾಗ ಆ ಕೀಟವೇ ನೀಲಿಯಾಗಿ ಮಿನುಗುತ್ತದೆ. ನವಿಲುಗರಿಯ ನೀಲಿಯ ಹಾಗೆ ಅದು ಜೋಡಣೆಯ ಬಣ್ಣ. ಬಿಡಿ ವೈರಸ್ಸಿಗೆ ಅದೂ ಇಲ್ಲ.

ಇನ್ನು ಗಾಜಿನ ಕೆಲಸ. ಪಿಯುಸಿಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಂಡೆನ್ಸರ್ ಹಿಡಿದಿದ್ದರೆ ನೆನಪಿಸಿಕೊಳ್ಳಿ: ಕೊಳವೆಯೊಳಗೆ ಕೊಳವೆ, ಸೇರಿದ ಜಾಗದಲ್ಲಿ ಗೆರೆಯೂ ಕಾಣದು. ಪ್ರಯೋಗಾಲಯದ ಈ ಕೈಚಳಕವೇ ಇಲ್ಲಿ ಬೇಕಾದದ್ದು. ಜೆರಮ್ ಬ್ರಿಸ್ಟಲ್ ವಿಶ್ವವಿದ್ಯಾಲಯದ ವೈರಸ್ ತಜ್ಞರನ್ನು ಕೇಳಿ ವಿನ್ಯಾಸ ಮಾಡುತ್ತಾರೆ. ಊದಿ, ಎಳೆದು ರೂಪ ಕೊಡುವವರು ಕಿಮ್ ಜಾರ್ಜ್, ಬ್ರಯಾನ್ ಜೋನ್ಸ್, ನಾರ್ಮನ್ ವೀಚ್ ಎಂಬ ಗಾಜುಗಾರರು. ಉರಿಯಲ್ಲಿ ಮೆತ್ತಗಾದ ಗಾಜಿನ ಕಡ್ಡಿಯಿಂದ ಒಂದೊಂದೇ ಮುಳ್ಳನ್ನು ಗೋಳಕ್ಕೆ ಕೂಡಿಸಬೇಕು. ದಪ್ಪ ಭಾಗ ನಿಧಾನ, ತೆಳು ಭಾಗ ಬೇಗ ಆರುವುದರಿಂದ ಒಳಗೆ ಬಿಗುವು ಹುಟ್ಟಿ, ಕೆಲಸ ಮುಗಿಯುವ ಹೊತ್ತಿಗೆ ಟಣ್ಣನೆ ಸೀಳಬಹುದು. ಅದಕ್ಕೇ ಕೊನೆಗೆ ಕುಲುಮೆಯಲ್ಲಿಟ್ಟು ಬಹಳ ನಿಧಾನವಾಗಿ ತಣಿಸುತ್ತಾರೆ. ಜೆರಮ್ ಅವರ ಕೊರೊನಾ ವೈರಸ್ 23 ಸೆಂಟಿಮೀಟರ್ ಅಗಲವಿದೆ, ನಿಜದ್ದರ ಸುಮಾರು 20 ಲಕ್ಷ ಪಟ್ಟು.

ಗಾಜೂ ಪೂರ್ತಿ ನಿಜವಲ್ಲ, ಅದನ್ನೂ ಹೇಳಬೇಕು. ಕೊರೊನಾದ ಹೊದಿಕೆ ಮೆದು, ಮುಳ್ಳುಗಳು ಬುಡದಲ್ಲಿ ಬಾಗುತ್ತವೆ. ಗಾಜಿನವು ಸೆಟೆದು ನಿಂತಿವೆ. ಶಿಲ್ಪದ ಹೊಳಪಂತೂ ಗಾಜಿನದೇ, ವೈರಸ್ಸಿನದಲ್ಲ. ಕಾಯಿಲೆಯನ್ನು ಇಷ್ಟು ಚೆಂದ ಮಾಡಬಹುದೇ ಎಂದು ನನಗೂ ಮೊದಲು ಅನಿಸಿತ್ತು. ಆಮೇಲೆ, ಎಚ್‌ಐವಿ ಇರುವ ವ್ಯಕ್ತಿಯೊಬ್ಬರು ಜೆರಮ್‌ಗೆ ಬರೆದ ಪತ್ರದ ವಿಷಯ ಓದಿದೆ. ಎಚ್‌ಐವಿ ಶಿಲ್ಪದ ಫೋಟೊದಿಂದ ಅವರಿಗೆ ಕಣ್ಣು ಕೀಳಲು ಆಗುತ್ತಿರಲಿಲ್ಲವಂತೆ. ಅದುವರೆಗೆ ಕಂಡ ಯಾವ ಚಿತ್ರವೂ ತನ್ನ ಮೈಯೊಳಗಿನ ವೈರಸ್ಸನ್ನು ಇಷ್ಟು ನಿಜ ಅನ್ನಿಸಿರಲಿಲ್ಲ, ತನ್ನ ಶತ್ರು ಇಷ್ಟು ಸುಂದರವಾಗಿ ಕಾಣುವುದು ವಿಚಿತ್ರ ಅನುಭವ ಎಂದು ಅವರು ಬರೆದಿದ್ದರು.