ಲಾಕ್ ಇದ್ದರೂ ಬೇರೆಯವರ ಫೈಲ್ ಹೋಗುವುದೇಕೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ ತೆರೆದ ಫೈಲ್‌ಗಳನ್ನು ಕ್ಯಾಶ್ ಮಾಡಿಟ್ಟುಕೊಳ್ಳುತ್ತದೆ. ಕ್ಯಾಶ್ ಟೇಬಲ್‌ಗೆ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಒಳಬಿಡುವ ಲಾಕ್) ಹಾಕಿದ್ದೇವೆ. ಆದರೂ ಲೋಡ್ ಏರಿದಾಗ ಒಬ್ಬ ಗ್ರಾಹಕರ ಪಿಡಿಎಫ್ ಇನ್ನೊಬ್ಬರಿಗೆ ಹೋಗುತ್ತಿದೆ. ಯಾಕೆ? (ಓದುಗರು, ಅಂಧೇರಿ, ಮುಂಬಯಿ)

ಉತ್ತರ: ಲಾಕ್ ಟೇಬಲನ್ನು ಕಾಯುತ್ತಿದೆ, ಅದರೊಳಗಿನ ನಂಬರನ್ನಲ್ಲ. ತೆರೆದ ಫೈಲ್ ಅಂದರೆ ಕೊನೆಗೂ ಒಂದು ಸಣ್ಣ ಸಂಖ್ಯೆ, ಫೈಲ್ ಡಿಸ್ಕ್ರಿಪ್ಟರ್. ಹೊಸ ಫೈಲ್ ತೆರೆದಾಗ ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯನ್ನೇ ಕೊಡಬೇಕೆಂಬುದು ಪಾಸಿಕ್ಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡ) ನಿಯಮ. ಎಡವಟ್ಟು ಇಲ್ಲೇ. ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆ) ಟೇಬಲ್‌ನಿಂದ 17 ಎತ್ತಿಕೊಂಡು ಲಾಕ್ ಬಿಟ್ಟಿತು. ಅದು ಓದುವಷ್ಟರಲ್ಲಿ ಕ್ಯಾಶ್ ತುಂಬಿತೆಂದು ಎರಡನೆಯ ಥ್ರೆಡ್ 17ನ್ನು ಮುಚ್ಚಿತು. ಮೂರನೆಯದು ಬೇರೆ ಪಿಡಿಎಫ್ ತೆರೆದರೆ ಅದಕ್ಕೂ ಸಿಕ್ಕಿದ್ದು 17. ವಿರಾರ್ ಲೋಕಲ್‌ನಲ್ಲಿ ಎದ್ದವರ ಸೀಟು ಖಾಲಿ ಉಳಿದೀತೇ? ಮೊದಲನೆಯ ಥ್ರೆಡ್ ನಿಶ್ಚಿಂತೆಯಿಂದ ಓದಿ ಕಳಿಸುತ್ತದೆ, ಎರರ್ ಕೂಡ ಬರುವುದಿಲ್ಲ. ‘ಬ್ಯಾಡ್ ಫೈಲ್ ಡಿಸ್ಕ್ರಿಪ್ಟರ್’ ಎಂದು ಬಿದ್ದಿದ್ದರೆ ಅದೇ ಪುಣ್ಯ.

ಮದ್ದು ರೆಫರೆನ್ಸ್ ಕೌಂಟ್, ಅಂದರೆ ಫೈಲನ್ನು ಈಗ ಎಷ್ಟು ಜನ ಹಿಡಿದಿದ್ದಾರೆಂಬ ಎಣಿಕೆ. ಎಂಟ್ರಿ ಹುಡುಕುವುದು, ಅದರ ಕೌಂಟ್ ಏರಿಸುವುದು, ಎರಡೂ ಒಂದೇ ಲಾಕ್‌ನೊಳಗೆ ಆಗಲಿ. ನಡುವೆ ಲಾಕ್ ಬಿಟ್ಟರೆ ಮತ್ತೆ ಅದೇ ಕಥೆ. ಓದಿ ಮುಗಿಸಿದ ಥ್ರೆಡ್ ತಾನು ಏರಿಸಿದ್ದನ್ನು ಇಳಿಸಲಿ. ಟೇಬಲ್‌ನ ಪಾಲಿಗೂ ಒಂದು ಕೌಂಟ್ ಇಡಿ. ಹಳೆಯ ಎಂಟ್ರಿ ಹೊರಹಾಕುವಾಗ ಟೇಬಲ್‌ನಿಂದ ತೆಗೆದು ಆ ಒಂದನ್ನು ಇಳಿಸಿ, ಅಷ್ಟೇ. ಕೌಂಟನ್ನು ಸೊನ್ನೆಗೆ ತಂದ ಥ್ರೆಡ್ಡೇ ಕ್ಲೋಸ್ ಮಾಡಲಿ. ಲಿನಕ್ಸ್‌ನಲ್ಲಿ ಸಿಗ್ನಲ್ ಬಂದು ಕ್ಲೋಸ್ ಎರರ್ ಕೊಟ್ಟರೂ ಮತ್ತೆ ಕ್ಲೋಸ್ ಮಾಡಬೇಡಿ. ಆ ಸಂಖ್ಯೆ ಆಗಲೇ ಬಿಡುಗಡೆಯಾಗಿರುತ್ತದೆ, ಎರಡನೆಯ ಸಲ ಮುಚ್ಚುವುದು ಬೇರೆ ಯಾರದೋ ಫೈಲನ್ನು.

ಇಷ್ಟಾದ ಮೇಲೂ ಪಿಡಿಎಫ್‌ಗಳು ತುಂಡುತುಂಡಾಗಿ ಬಂದರೆ ತಪ್ಪು ಆಫ್‌ಸೆಟ್‌ನದು, ಅಂದರೆ ಫೈಲಿನಲ್ಲಿ ಮುಂದೆ ಓದಬೇಕಾದ ಜಾಗದ್ದು. ಒಂದೇ ಡಿಸ್ಕ್ರಿಪ್ಟರ್ ಬಳಸುವ ಥ್ರೆಡ್‌ಗಳಿಗೆಲ್ಲ ಓದುವ ಜಾಗ ಒಂದೇ. ಎಲ್‌ಸೀಕ್ ಮಾಡಿ (ಬೇಕಾದ ಜಾಗಕ್ಕೆ ಸರಿದು) ರೀಡ್ ಮಾಡುವಷ್ಟರಲ್ಲಿ ಇನ್ನೊಬ್ಬರು ಅದನ್ನು ಸರಿಸಿರುತ್ತಾರೆ. ಡೂಪ್‌ನಿಂದ ಡಿಸ್ಕ್ರಿಪ್ಟರ್‌ನ ನಕಲು ಮಾಡಿಕೊಂಡರೂ ಆಫ್‌ಸೆಟ್ ಹಂಚಿಕೆಯೇ. ಪಿರೀಡ್ (pread) ಬಳಸಿ: ಜಾಗವನ್ನು ಪ್ರತಿ ಕರೆಯಲ್ಲೂ ನೀವೇ ಹೇಳುತ್ತೀರಿ, ಹಂಚಿಕೆಯ ಆಫ್‌ಸೆಟ್ ಅಲುಗುವುದಿಲ್ಲ.

ಕ್ಯಾಶ್‌ಗೆ 1000 ಮಿತಿ ಇಟ್ಟು ಯುಲಿಮಿಟ್ (ಒಂದು ಪ್ರೋಸೆಸ್ ತೆರೆದಿಡಬಹುದಾದ ಡಿಸ್ಕ್ರಿಪ್ಟರ್‌ಗಳ ಮಿತಿ) 1024ರಲ್ಲೇ ಬಿಡುವವರಿದ್ದಾರೆ. ಸಾಕೆಟ್‌ಗಳಿಗೂ (ನೆಟ್‌ವರ್ಕ್ ಸಂಪರ್ಕಗಳಿಗೂ) ಅದೇ ಲೆಕ್ಕ. ಟೇಬಲ್‌ನಿಂದ ಹೊರಬಿದ್ದು ಇನ್ನೂ ಬಳಕೆಯಲ್ಲಿರುವ ಫೈಲ್‌ಗಳೂ ಅದರಲ್ಲೇ ಸೇರುತ್ತವೆ. ಎಂಜಿನ್‌ಎಕ್ಸ್‌(nginx) ಎಂಬ ವೆಬ್ ಸರ್ವರ್‌ನಲ್ಲಿ ಪ್ರತಿ ವರ್ಕರ್ ಪ್ರೋಸೆಸ್‌ಗೂ ತನ್ನದೇ ಫೈಲ್ ಕ್ಯಾಶ್; ಹಂಚಿಕೊಂಡರಲ್ಲವೇ ಜಗಳ!

ತಿದ್ದುವ ಮೊದಲು ತಪ್ಪನ್ನು ಕಣ್ಣಾರೆ ನೋಡಬೇಕಿದ್ದರೆ ಕ್ಯಾಶ್ ಮಿತಿಯನ್ನು 2ಕ್ಕೆ ಇಳಿಸಿ, ನಂಬರು ಎತ್ತಿಕೊಂಡ ಮೇಲೆ ಓದುವ ಮುಂಚೆ 50 ಮಿಲಿಸೆಕೆಂಡ್ ಸ್ಲೀಪ್ ಸೇರಿಸಿ, ಐದಾರು ಫೈಲ್‌ಗಳನ್ನು ಒಟ್ಟಿಗೆ ಕೇಳಿ. ತಿದ್ದಿದ ಮೇಲೂ ಇದನ್ನೇ ಓಡಿಸಿ.